ಸೇರಿದ್ದು ಯಾವಾಗ, ಬಿಟ್ಟಿದ್ದು ಯಾವಾಗ, ಯಾಕೆ ಬಿಟ್ಟಿದ್ದು

(ಮಂಡ್ಯದಲ್ಲಿ ಒಂದು ಭಾನುವಾರ ಕಾರ್ಖಾನೆ ಕೆಲಸಗಾರರ ಸಭೆಯಲ್ಲಿ ಆಡಿದ ಮಾತು ಇದು. ತೂಬಿನಕೆರೆ, ಗೆಜ್ಜಲಗೆರೆ, ಶ್ರೀರಂಗಪಟ್ಟಣ, ಮೈಸೂರಿನ ಹೂಟಗಳ್ಳಿ ಕಡೆಯಿಂದಲೂ ಜನ ಬಂದಿದ್ದರು. ಬರಲಾಗದವರು ಬರೆದು ಕೊಡಿ ಅಂದಿದ್ದಕ್ಕೆ, ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟದ ಹೊತ್ತಿಗೆ ಮುಗಿಸಬೇಕು ಅಂತ ಹೇಳಿದ್ದಾರೆ, ಹಾಗಾಗಿ ಪೀಠಿಕೆ ಬಿಡೋಣ.

ಕೆಲಸ ಹೋದರೆ ಸರ್ಕಾರದಿಂದ ಏನಾದರೂ ಸಿಗುತ್ತಾ? ಇದು ಎಲ್ಲರೂ ಕೇಳುವ ಪ್ರಶ್ನೆ. ಸಿಗುತ್ತದೆ. ಆದರೆ ಒಂದೇ ಕಿಟಕಿಯಲ್ಲಿ ಸಿಗುವುದಿಲ್ಲ. ಇಎಸ್‌ಐನಲ್ಲಿ, ಅಂದರೆ ಕೆಲಸಗಾರರ ವಿಮೆಯಲ್ಲಿ, ಒಂದಷ್ಟು ಇದೆ, ಪಿಎಫ್‌ನಲ್ಲಿ, ಅಂದರೆ ಭವಿಷ್ಯ ನಿಧಿಯಲ್ಲಿ, ಒಂದಷ್ಟು ಇದೆ, ಗ್ರಾಚ್ಯುಟಿ (ಸೇವೆಯ ವರ್ಷಕ್ಕೆ ತಕ್ಕ ದುಡ್ಡು) ಮತ್ತು ಪರಿಹಾರ ಅಂತ ಕಂಪನಿ ಕೊಡಬೇಕಾದ್ದು ಇದೆ, ಮನೆಯಲ್ಲಿ ಓದು ಮುಗಿಸಿ ಕೂತ ಮಕ್ಕಳಿದ್ದರೆ ಯುವನಿಧಿ ಇದೆ. ಎಲ್ಲ ಬೇರೆ ಬೇರೆ ಆಫೀಸು, ಬೇರೆ ಬೇರೆ ಅರ್ಜಿ. ಆದರೆ ಯಾವ ಕೌಂಟರ್‌ಗೆ ಹೋದರೂ ಕೇಳುವುದು ಮೂರೇ ಮಾತು. ಯಾವಾಗ ಸೇರಿದ್ರಿ, ಯಾವಾಗ ಬಿಟ್ರಿ, ಯಾಕೆ ಬಿಟ್ರಿ. ಈ ಮೂರಕ್ಕೂ ನಿಮ್ಮ ಕೈಯಲ್ಲಿ ಕಾಗದ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಎದುರಿಗೆ ಕೂತವರು ಎಷ್ಟು ಒಳ್ಳೆಯವರಾದರೂ ಏನೂ ಮಾಡಲಾಗುವುದಿಲ್ಲ.

ನಾನು ಬಹಳ ಕಾಲ ಟೈಮ್ ಆಫೀಸಿನಲ್ಲಿ ಕೂತವನು. ಹಾಜರಾತಿ ಬರೆದು, ಸಂಬಳದ ಪಟ್ಟಿ ಮಾಡಿ, ಪಿಎಫ್ ಲೆಕ್ಕ ಕಳಿಸುತ್ತಿದ್ದೆ. ಆ ಕಡೆಯಿಂದ ಇದನ್ನೆಲ್ಲ ನೋಡಿದ್ದೇನೆ. ಕಂಪನಿಯ ಹತ್ತಿರ ನಿಮ್ಮ ಬಗ್ಗೆ ಒಂದು ಫೈಲ್ ಇರುತ್ತದೆ. ನಿಮ್ಮ ಹತ್ತಿರ ಕಂಪನಿ ಬಗ್ಗೆ ಏನೂ ಇರುವುದಿಲ್ಲ. ಜಗಳ ಬಂದಾಗ ಫೈಲ್ ಇದ್ದವನೇ ಗೆಲ್ಲುತ್ತಾನೆ.

ಮೊದಲು ಇಎಸ್‌ಐ. ಇಲ್ಲಿ ಕೂತವರಲ್ಲಿ ಜಾಸ್ತಿ ಜನಕ್ಕೆ ಅದು ಬರೀ ಆಸ್ಪತ್ರೆ. ಮೈಸೂರಲ್ಲಿ ಕೆಆರ್‌ಎಸ್ ರಸ್ತೆ ಆಸ್ಪತ್ರೆ, ಇಲ್ಲ ಡಿಸ್ಪೆನ್ಸರಿ, ಚೀಟಿ, ಮಾತ್ರೆ, ಅಷ್ಟೇ. ನಿಮ್ಮ ಸಂಬಳದಲ್ಲಿ ನೂರಕ್ಕೆ 75 ಪೈಸೆ ಹಿಡಿಯುತ್ತಾರೆ, ಕಂಪನಿ 3 ರೂಪಾಯಿ 25 ಪೈಸೆ ಹಾಕುತ್ತದೆ. 2019ರ ಜುಲೈಯಿಂದ ಇದೇ ದರ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರು ಇದರೊಳಗೆ ಬರುತ್ತಾರೆ. ಈ ದುಡ್ಡಿನಲ್ಲೇ ಕೆಲಸ ಹೋದವರಿಗೆ ಎರಡು ಯೋಜನೆ ಇವೆ, ಅದನ್ನು ಯಾರೂ ನೋಟಿಸ್ ಬೋರ್ಡಿಗೆ ಹಾಕುವುದಿಲ್ಲ.

ಒಂದು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಹೆಸರು ಬಾಯಿಪಾಠ ಮಾಡಬೇಡಿ, ಅಟಲ್ ಯೋಜನೆ ಅಂದರೆ ಸಾಕು. 2018ರ ಜುಲೈ 1ರಿಂದ ಪ್ರಯೋಗ ಅಂತ ಶುರುವಾಯಿತು. ಆಗ ಸರಾಸರಿ ಸಂಬಳದ ಕಾಲು ಭಾಗ ಕೊಡುತ್ತಿದ್ದರು. ಕೋವಿಡ್ ಬಂದಾಗ, 2020ರಲ್ಲಿ, ಅದನ್ನು ಅರ್ಧಕ್ಕೆ ಏರಿಸಿದರು. ಮೊದಲು ಕೆಲಸ ಹೋಗಿ 90 ದಿನ ಕಾಯಬೇಕಿತ್ತು, ಅದನ್ನು 30 ದಿನಕ್ಕೆ ಇಳಿಸಿದರು. ಅರ್ಜಿಯನ್ನು ಮಾಲೀಕರ ಮೂಲಕ ಕಳಿಸುವ ನಿಯಮವನ್ನೂ ತೆಗೆದರು. ನೀವೇ ನೇರವಾಗಿ ಶಾಖಾ ಕಚೇರಿಗೆ ಕೊಡಬಹುದು. ನನ್ನನ್ನು ಕೇಳಿದರೆ ಈ ಕೊನೆಯದೇ ದೊಡ್ಡ ಬದಲಾವಣೆ, ಕೆಲಸದಿಂದ ತೆಗೆದವನ ಹತ್ತಿರವೇ ಹೋಗಿ ಸಹಿ ಹಾಕಿ ಅಂತ ನಿಂತರೆ ಅವನು ಹಾಕುತ್ತಾನಾ? ಈ ಯೋಜನೆಯನ್ನು ಆಗಾಗ ಮುಂದುವರಿಸುತ್ತಾ ಬಂದಿದ್ದಾರೆ. ಹಾಗಾಗಿ ನೀವು ಅರ್ಜಿ ಹಾಕುವ ದಿನಕ್ಕೆ ಜಾರಿಯಲ್ಲಿದೆಯಾ ಅಂತ ಶಾಖಾ ಕಚೇರಿಯಲ್ಲಿ ಕೇಳಿ ಹೋಗಿ. ಇಎಸ್‌ಐನ ಉಚಿತ ನಂಬರ್ 1800 11 2526, ಅಲ್ಲೂ ಕೇಳಬಹುದು.

ಎಷ್ಟು ಬರುತ್ತದೆ? ಲೆಕ್ಕ ಹೀಗೆ. ಹಿಂದಿನ ಎರಡು ವರ್ಷ ನೀವು ದುಡಿದ ಒಟ್ಟು ಸಂಬಳವನ್ನು 730 ದಿನಕ್ಕೆ ಹಂಚುತ್ತಾರೆ. ತಿಂಗಳಿಗೆ 15,000 ಇದ್ದರೆ ಎರಡು ವರ್ಷಕ್ಕೆ 3,60,000. ದಿನಕ್ಕೆ 493 ಆಯಿತು. ಅದರ ಅರ್ಧ ಸುಮಾರು 246. ಹೆಚ್ಚೆಂದರೆ 90 ದಿನ ಕೊಡುತ್ತಾರೆ, ಅಲ್ಲಿಗೆ 22,000ದ ಆಸುಪಾಸು. ಜೀವಮಾನದಲ್ಲಿ 90 ದಿನವೇ ಮಿತಿ. ದೊಡ್ಡ ದುಡ್ಡೇನಲ್ಲ. ಆದರೆ ಮೂರು ತಿಂಗಳ ಬಾಡಿಗೆ, ರೇಷನ್, ಮಕ್ಕಳ ಫೀಸಿನ ಒಂದು ಕಂತು ಆಗುತ್ತದೆ. ಬಡ್ಡಿಗೆ ಕೈಯೊಡ್ಡುವುದು ತಪ್ಪುತ್ತದೆ.

ಯಾರಿಗೆ ಸಿಗುತ್ತದೆ? ಕೆಲಸ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ಇಎಸ್‌ಐ ಒಳಗಿರಬೇಕು. ಜೊತೆಗೆ ಹಾಜರಾತಿಯ ಲೆಕ್ಕ ಇದೆ, ಇಲ್ಲಿ ಸ್ವಲ್ಪ ಗಮನ ಕೊಡಿ. ಇಎಸ್‌ಐನವರು ವರ್ಷವನ್ನು ಎರಡು ಭಾಗ ಮಾಡಿದ್ದಾರೆ, ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗುವುದಕ್ಕೆ ಹಿಂದಿನ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ಇರಬೇಕು. ಆರು ತಿಂಗಳಲ್ಲಿ 78 ದಿನ ಅಂದರೆ ಕಷ್ಟವಲ್ಲ. ನಾಟಿ, ಕೊಯ್ಲು, ಮಾರಿಹಬ್ಬ ಅಂತ ರಜೆ ಹಾಕಿದರೂ ಆಗುತ್ತದೆ. ತೊಂದರೆ ಬೇರೆ ಕಡೆ ಇದೆ.

ಹೋದ ಸಲ ಒಬ್ಬ ಹೆಣ್ಣುಮಗಳು ತನ್ನ ಇಎಸ್‌ಐ ವಂತಿಗೆಯ ಪಟ್ಟಿ ತೆಗೆಸಿಕೊಂಡು ಬಂದಿದ್ದಳು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂದೊಂದೇ ಸಾಲು ಓದಿದೆವು. ಏಪ್ರಿಲ್ 26 ದಿನ, ಮೇ 24 ದಿನ, ಜೂನ್ ಸೊನ್ನೆ, ಜುಲೈ ಸೊನ್ನೆ. "ಏನಮ್ಮಾ, ಜೂನ್‌ನಲ್ಲಿ ಊರಿಗೆ ಹೋಗಿದ್ಯಾ?" ಅಂದೆ. "ಇಲ್ಲಣ್ಣಾ, ಒಂದ್ ದಿನಾನೂ ಬಿಟ್ಟಿಲ್ಲ, ಸಂಬಳದಲ್ಲೂ ಹಿಡಿದಿದ್ದಾರೆ" ಅಂದಳು. ಆಗಿದ್ದೇನು ಅಂದರೆ ಜೂನ್‌ನಲ್ಲಿ ಕಂಟ್ರಾಕ್ಟರ್ ಬದಲಾಗಿದ್ದಾನೆ. ಅದೇ ಗೇಟು, ಅದೇ ಲೈನು, ಅದೇ ಮಿಷಿನ್ನು. ಹೊಸ ಕಂಟ್ರಾಕ್ಟರ್ ಅವಳ ಹಳೆಯ ಇಎಸ್‌ಐ ನಂಬರ್ ಕೇಳದೆ ಹೊಸದೊಂದು ನಂಬರ್ ಮಾಡಿಸಿಬಿಟ್ಟಿದ್ದಾನೆ. ದುಡ್ಡು ಅಲ್ಲಿ ಕೂತಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅವಳು ಇಬ್ಬರು ಬೇರೆ ಬೇರೆ ಹೆಂಗಸರು, ಇಬ್ಬರಿಗೂ ಎರಡು ವರ್ಷ ತುಂಬಿಲ್ಲ! ಅವಳ ಹತ್ತಿರ ಹಳೆಯ ಪೇಸ್ಲಿಪ್ಪುಗಳು ಇದ್ದವು, ಅದರ ಮೇಲೆ ಹಳೆಯ ನಂಬರ್ ಇತ್ತು, ಅದನ್ನಿಟ್ಟುಕೊಂಡೇ ಎರಡನ್ನೂ ಸೇರಿಸಲು ಅರ್ಜಿ ಕೊಟ್ಟೆವು. ಕಂಟ್ರಾಕ್ಟರ್ ಬದಲಾದ ದಿನವೇ ಹೇಳಿಬಿಡಿ, ಇದು ನನ್ನ ಹಳೇ ನಂಬರ್, ಇದಕ್ಕೇ ಹಾಕಿ ಅಂತ. ಇಎಸ್‌ಐ ನಂಬರ್ 10 ಅಂಕಿ, ಪಿಎಫ್‌ನ ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರ್, 12 ಅಂಕಿ. ಎರಡನ್ನೂ ಮನೆ ಗೋಡೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟರೂ ಪರವಾಗಿಲ್ಲ.

ಎರಡನೆಯದು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. 2005ರ ಏಪ್ರಿಲ್‌ನಿಂದ ಇದೆ. ಅಟಲ್ ಯೋಜನೆಗಿಂತ ಹಳೆಯದು, ದುಡ್ಡೂ ಜಾಸ್ತಿ, ಗೊತ್ತಿರುವವರು ಮಾತ್ರ ಕಡಿಮೆ. ಕಾರ್ಖಾನೆ ಮುಚ್ಚಿದರೆ, ಕಾನೂನು ಪ್ರಕಾರ ರಿಟ್ರೆಂಚ್ ಮಾಡಿದರೆ, ಅಂದರೆ ಕೆಲಸಗಾರರು ಹೆಚ್ಚಾದರು ಅಂತ ತೆಗೆದರೆ, ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ಶೇ 40ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಆದರೆ ಇದು ಸಿಗುತ್ತದೆ. ಮೊದಲ 12 ತಿಂಗಳು ಸಂಬಳದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಆ ಅವಧಿಯಲ್ಲಿ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಇರುತ್ತದೆ. ಎರಡು ವರ್ಷ, ಅಲ್ವಾ? ಸಣ್ಣ ಮಾತಲ್ಲ. ಆದರೆ ಇದರ ಬಾಗಿಲು ತೆರೆಯುವುದು ಒಂದೇ ಕೀಲಿಗೆ. ಕಾಗದದಲ್ಲಿ 'ಮುಚ್ಚಿದೆ' ಅಥವಾ 'ರಿಟ್ರೆಂಚ್' ಅಂತ ಇರಬೇಕು.

ಈಗ ಮೂರನೆಯ ಪ್ರಶ್ನೆಗೆ ಬರೋಣ. ಯಾಕೆ ಬಿಟ್ರಿ?

ನಮ್ಮ ಕಡೆ ಕೆಲಸದಿಂದ ತೆಗೆಯುವಾಗ ಯಾರೂ 'ತೆಗೆದಿದ್ದೇವೆ' ಅಂತ ಬರೆದು ಕೊಡುವುದಿಲ್ಲ. ಎಚ್‌ಆರ್ ರೂಮಿಗೆ ಕರೆಯುತ್ತಾರೆ. ಫ್ಯಾನ್ ಹಾಕುತ್ತಾರೆ, ಕೂತ್ಕೊಳ್ಳಮ್ಮಾ ಅನ್ನುತ್ತಾರೆ, ಅವತ್ತು ಕಾಫಿಯನ್ನೂ ಕೊಡುತ್ತಾರೆ. "ಆರ್ಡರ್ ಇಲ್ಲ, ನಿಮಗೂ ಗೊತ್ತು. ನೀವೇ ಒಂದು ರಿಸೈನ್ ಲೆಟರ್ ಬರೆದುಕೊಟ್ಟರೆ ಸೆಟ್ಲ್‌ಮೆಂಟ್ ಬೇಗ ಆಗುತ್ತೆ, ಇಲ್ಲಾಂದ್ರೆ ಪಿಎಫ್ ತಡ ಆಗುತ್ತೆ ನೋಡಿ." ಟೈಪ್ ಮಾಡಿದ ಹಾಳೆ ಮೊದಲೇ ರೆಡಿ ಇರುತ್ತದೆ, 'ನನ್ನ ವೈಯಕ್ತಿಕ ಕಾರಣಗಳಿಂದ' ಅಂತ. ಹೆಸರು ಬರೆದು ಸಹಿ ಹಾಕಿದರೆ ಮುಗಿಯಿತು. ನೀವು ಸಹಿ ಹಾಕಿದ ಕ್ಷಣ ರಿಟ್ರೆಂಚ್‌ಮೆಂಟ್ ಪರಿಹಾರ ಹೋಯಿತು, ನೋಟಿಸ್ ಸಂಬಳ ಹೋಯಿತು, ರಾಜೀವ್ ಗಾಂಧಿ ಯೋಜನೆ ಹೋಯಿತು. ಅಟಲ್ ಯೋಜನೆಯಲ್ಲೂ ಸ್ವಇಚ್ಛೆಯ ನಿವೃತ್ತಿ, ದುರ್ನಡತೆ ಇಂಥ ಕಾರಣಕ್ಕೆ ಕೆಲಸ ಹೋದವರಿಗೆ ಇಲ್ಲ ಅಂತ ಇದೆ, ಹಾಗಾಗಿ 'ನೀವೇ ಬಿಟ್ಟಿದ್ದಲ್ವಾ' ಅನ್ನುವ ಪ್ರಶ್ನೆ ಅಲ್ಲೂ ಏಳುತ್ತದೆ. ಇನ್ನು ಪಿಎಫ್ ತಡ ಆಗುತ್ತೆ ಅನ್ನುವುದು ಸುಮ್ನೆ ಹೆದರಿಸುವ ಮಾತು. ಪಿಎಫ್ ನಿಮ್ಮ ದುಡ್ಡು, ರಿಸೈನ್ ಮಾಡಿದರೂ ಬರುತ್ತದೆ, ತೆಗೆದರೂ ಬರುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ಸಾರ್, ಸಹಿ ಹಾಕಲ್ಲ ಅಂದ್ರೆ ಗೇಟ್ ಒಳಗೇ ಬಿಡಲ್ಲ, ಆಗೇನ್ಮಾಡೋದು?"

ಒಳ್ಳೆಯ ಪ್ರಶ್ನೆ. ಗೇಟಿನಲ್ಲಿ ಕೂಗಾಡಬೇಡಿ. ಅವತ್ತೇ ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. 'ನಾನು ಇಂತಿಂಥ ದಿನಾಂಕದಿಂದ ತಮ್ಮಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ದಿನ ಬೆಳಿಗ್ಗೆ 8.45ಕ್ಕೆ ಕೆಲಸಕ್ಕೆ ಬಂದಾಗ ಗೇಟಿನಲ್ಲಿ ಒಳಗೆ ಬಿಡಲಿಲ್ಲ. ನಾನು ರಾಜೀನಾಮೆ ಕೊಟ್ಟಿಲ್ಲ. ಕೆಲಸ ಮಾಡಲು ಸಿದ್ಧಳಿದ್ದೇನೆ.' ಇಷ್ಟೇ. ಬೈಗುಳ ಬೇಡ, ಕಣ್ಣೀರು ಬೇಡ. ಝೆರಾಕ್ಸ್ ಇಟ್ಟುಕೊಂಡು ಸ್ಪೀಡ್ ಪೋಸ್ಟ್ ಮಾಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಕೌಂಟರಿನಲ್ಲಿ ಗೊಂದಲ ಬೇಡ. ಒಂದು ಪ್ರತಿ ಕಾರ್ಮಿಕ ಇಲಾಖೆಗೂ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಆ ಪೋಸ್ಟ್ ಆಫೀಸಿನ ರಸೀದಿ ಇದೆಯಲ್ಲ, ತೆಳ್ಳಗಿನ ಹೊಳೆಯುವ ಕಾಗದ, ಅದರ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತದೆ. ಎಟಿಎಂ ಚೀಟಿಯೂ ಹಾಗೇ. ಅವತ್ತೇ ಝೆರಾಕ್ಸ್ ಮಾಡಿಸಿ, ಫೋಟೊ ತೆಗೆದಿಡಿ.

2020ರಲ್ಲಿ ಶ್ರೀರಂಗಪಟ್ಟಣದಲ್ಲಿ ಆಗಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಕೋವಿಡ್ ಹೊತ್ತಿನಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆ ನಿಂತುಹೋಗಿ ಸಾವಿರಕ್ಕೂ ಜಾಸ್ತಿ ಜನರ ಕೆಲಸ ಹೋಯಿತು, ಹೆಚ್ಚಿನವರು ಹೆಂಗಸರು. ವಾರಗಟ್ಟಲೆ ಫ್ಯಾಕ್ಟರಿ ಮುಂದೆ ಕೂತರು. ಅಂಥ ಕಡೆ ಸಂಘ ಇರುತ್ತದೆ, ಕ್ಯಾಮೆರಾ ಬರುತ್ತದೆ, ನಾಲ್ಕು ಜನ ಕೇಳುತ್ತಾರೆ. ಆದರೆ ನಮ್ಮಲ್ಲಿ ಜಾಸ್ತಿ ಕೆಲಸ ಹೋಗುವುದು ಹೀಗೆ ಒಟ್ಟಿಗೆ ಅಲ್ಲ. ಈ ತಿಂಗಳು ಐದು ಜನ, ಮುಂದಿನ ತಿಂಗಳು ಏಳು ಜನ. ಸದ್ದೇ ಆಗುವುದಿಲ್ಲ. ಅಲ್ಲಿ ಕಾಗದವೇ ಗತಿ.

ಒಂದು ವರ್ಷ ಸತತವಾಗಿ ಕೆಲಸ ಮಾಡಿದವರನ್ನು, ಅಂದರೆ 240 ದಿನ ತುಂಬಿದವರನ್ನು, ರಿಟ್ರೆಂಚ್ ಮಾಡಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ. ಇದು ಗ್ರಾಚ್ಯುಟಿ ಅಲ್ಲ, ಗ್ರಾಚ್ಯುಟಿ ಬೇರೆ. ಎರಡನ್ನೂ ಸೇರಿಸಿ ಒಂದೇ ಚೆಕ್ ಕೊಟ್ಟು 'ಎಲ್ಲಾ ಸೆಟ್ಲ್ ಆಯ್ತು' ಅಂದರೆ ಯಾವುದಕ್ಕೆ ಎಷ್ಟು ಅಂತ ವಿವರದ ಹಾಳೆ ಕೇಳಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ನಮಗೆ ಬೇಕಾದ್ದು ಕೆಲವು ಇವೆ. ಕೆಲಸ ಬಿಟ್ಟರೂ ತೆಗೆದರೂ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ರಿಟ್ರೆಂಚ್ ಆದವರಿಗೆ ಮಾಲೀಕರು 15 ದಿನದ ಸಂಬಳವನ್ನು ಒಂದು ಮರುತರಬೇತಿ ನಿಧಿಗೆ ಹಾಕಬೇಕು, ಅದು 45 ದಿನದಲ್ಲಿ ಕೆಲಸಗಾರರ ಖಾತೆಗೆ ಬರಬೇಕು. ಈ ಸಂಹಿತೆಗಳಲ್ಲಿ ನನಗೆ ಒಪ್ಪಿಗೆಯಿಲ್ಲದ್ದು ಬೇಕಾದಷ್ಟಿದೆ, ಅದರ ಬಗ್ಗೆ ಇನ್ನೊಂದು ಭಾನುವಾರ ಜಗಳ ಆಡೋಣ. ಆದರೆ ಕೊಡುತ್ತೇವೆ ಅಂತ ಬರೆದಿರುವುದನ್ನು ಬಿಡುವುದು ಯಾಕೆ?

ಗ್ರಾಚ್ಯುಟಿ ಬೇಗ ಮುಗಿಸುತ್ತೇನೆ. ಕಾಯಂ ಕೆಲಸಗಾರರಿಗೆ ಐದು ವರ್ಷ ತುಂಬಿರಬೇಕು. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸಿ. 13,000 ಇದ್ದು ಏಳು ವರ್ಷ ಆಗಿದ್ದರೆ 52,500. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಎಂಟು ವರ್ಷ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿ, ಮಧ್ಯೆ ಮೂರು ಕಂಟ್ರಾಕ್ಟರ್ ಬದಲಾಗಿ, ಪ್ರತಿಯೊಬ್ಬನೂ 'ನನ್ನ ಹತ್ರ ಐದು ವರ್ಷ ಆಗಿಲ್ಲ' ಅನ್ನುತ್ತಾನೆ. ಇದಕ್ಕೆ ಕಾರ್ಮಿಕ ಇಲಾಖೆಯಲ್ಲಿ ಕೇಸು ಹಾಕಬೇಕಾಗುತ್ತದೆ, ಆಗ ಹಳೆಯ ಐಡಿ ಕಾರ್ಡುಗಳೇ ಸಾಕ್ಷಿ. ಹೊಸ ಕಾರ್ಡ್ ಕೊಡುವಾಗ ಹಳೆಯದನ್ನು ವಾಪಸ್ ಕೇಳುತ್ತಾರೆ, ಕೊಡುವ ಮುಂಚೆ ಎರಡೂ ಕಡೆ ಫೋಟೊ ತೆಗೆದುಕೊಳ್ಳಿ.

ಇನ್ನು ಪಿಎಫ್. ನಿಮ್ಮ ಕಡೆಯಿಂದ ಶೇ 12, ಕಂಪನಿ ಕಡೆಯಿಂದ ಶೇ 12. ಕಂಪನಿಯ ಪಾಲಿನಲ್ಲಿ ಶೇ 8.33 ಪೆನ್ಷನ್‌ಗೆ ಹೋಗುತ್ತದೆ, ಉಳಿದದ್ದು ಪಿಎಫ್‌ಗೆ. ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಕಟ್ಟಬೇಕು. ಹಾಗಾಗಿ ತಿಂಗಳಿಗೊಮ್ಮೆ, 20ನೇ ತಾರೀಕಿನ ಸುಮಾರಿಗೆ, ನೋಂದಾಯಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಖಾತೆಗೆ ಎಷ್ಟು ಬಂದಿದೆ ಅಂತ ಮೆಸೇಜ್ ಬರುತ್ತದೆ. ಆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಂಬಳದಲ್ಲಿ ಹಿಡಿದು ಕಟ್ಟಿಲ್ಲ ಅಂದರೆ ಅದು ಅಪರಾಧ. ಅದನ್ನು ತೋರಿಸಲು ಬೇಕಾದ್ದು ಎರಡೇ, ಹಿಡಿದಿದ್ದಕ್ಕೆ ಪೇಸ್ಲಿಪ್, ಕಟ್ಟದೇ ಇದ್ದುದಕ್ಕೆ ಪಿಎಫ್ ಪಾಸ್‌ಬುಕ್.

ಕೆಲಸ ಹೋದಾಗ ಪಿಎಫ್ ತೆಗೆಯುವ ನಿಯಮ ಈಚೆಗೆ ಬದಲಾಗುತ್ತಿದೆ. ಮೊದಲು ಒಂದು ತಿಂಗಳು ಕೆಲಸವಿಲ್ಲದಿದ್ದರೆ ಶೇ 75, ಎರಡು ತಿಂಗಳಾದರೆ ಪೂರ್ತಿ ಅಂತ ಇತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿಗಳ ಮಂಡಳಿ, ಶೇ 75 ತಕ್ಷಣ ತೆಗೆಯಬಹುದು, ಉಳಿದ ಕಾಲು ಭಾಗ 12 ತಿಂಗಳ ನಂತರ ಅಂತ ತೀರ್ಮಾನ ಮಾಡಿತು. ಪೆನ್ಷನ್ ದುಡ್ಡಿಗೆ 36 ತಿಂಗಳು ಕಾಯಬೇಕು ಅಂತಲೂ ಹೇಳಿತು. ಅರ್ಜಿ ಹಾಕುವ ದಿನ ಪಿಎಫ್ ಸಹಾಯವಾಣಿ 14470ಕ್ಕೆ ಫೋನ್ ಮಾಡಿ ಈಗಿನ ನಿಯಮ ಕೇಳಿಕೊಳ್ಳಿ. ಪಿಎಫ್ ನಿಯಮಕ್ಕೆ ಕೈ ಹಾಕಿದಾಗಲೆಲ್ಲ ಜನ ಬೀದಿಗೆ ಬಂದಿದ್ದಾರೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದ ಮೇಲೆ ಕೇಂದ್ರ ಸರ್ಕಾರ ತನ್ನ ಆದೇಶವನ್ನೇ ವಾಪಸ್ ತೆಗೆದುಕೊಂಡಿತ್ತು.

ನನ್ನದೊಂದು ಮಾತು, ಬೇಕಿದ್ದರೆ ಕೇಳಿ. ಕೆಲಸ ಬಿಟ್ಟಾಗಲೆಲ್ಲ ಪೂರ್ತಿ ಪಿಎಫ್, ಪೆನ್ಷನ್ ಎರಡನ್ನೂ ಬಳಿದು ತೆಗೆಯುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಲ್ಲಿ ಜಾಸ್ತಿ ಇದೆ. ಕಷ್ಟ ಇರುತ್ತದೆ, ಒಪ್ಪುತ್ತೇನೆ. ಆದರೆ ಪೆನ್ಷನ್‌ಗೆ 10 ವರ್ಷದ ಸೇವೆ ಬೇಕು. ನಾಲ್ಕು ವರ್ಷಕ್ಕೊಮ್ಮೆ ತೆಗೆದರೆ ಪ್ರತಿ ಸಲ ಒಂದರಿಂದ ಎಣಿಕೆ. ಪಿಎಫ್ ತೆಗೆದರೂ ಪೆನ್ಷನ್ ಮುಟ್ಟಬೇಡಿ. ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡರೆ ಹಳೆಯ ವರ್ಷಗಳು ಮುಂದಿನ ಕೆಲಸಕ್ಕೆ ಸೇರುತ್ತವೆ.

ಪಿಎಫ್ ಅರ್ಜಿ ಎಲ್ಲಿ ನಿಲ್ಲುತ್ತದೆ ಅಂದರೆ ಎರಡು ಕಡೆ. ಒಂದು, ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಹಾಕಿರುವುದಿಲ್ಲ. ಅವರ ಕಾಲು ಹಿಡಿಯಬೇಕಿಲ್ಲ. ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ನೀವೇ ಯುಎಎನ್ ಲಾಗಿನ್‌ನಲ್ಲಿ ಹಾಕಬಹುದು, 2020ರಿಂದ ಈ ಅನುಕೂಲ ಇದೆ. ಕೊನೆಯ ವಂತಿಗೆ ಬಂದ ತಿಂಗಳಿನ ದಿನಾಂಕವೇ ಇರಬೇಕು. ನೋಡಿಕೊಂಡು ಹಾಕಿ.

ಇನ್ನೊಂದು ಹೆಸರು. ಅಯ್ಯೋ, ನಮ್ಮ ಜಿಲ್ಲೆಯ ಹೆಸರುಗಳು! ಆಧಾರ್‌ನಲ್ಲಿ ಶಿವಲಿಂಗೇಗೌಡ, ಪಿಎಫ್‌ನಲ್ಲಿ ಶಿವಲಿಂಗೇ ಗೌಡ ಕೆ ಎಂ, ಬ್ಯಾಂಕಿನಲ್ಲಿ ಕೆ ಎಂ ಶಿವಲಿಂಗು. ಮೂರೂ ಒಬ್ಬನೇ ಮನುಷ್ಯ, ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆ ಅಪ್ಪನ ಇನಿಷಿಯಲ್, ಆಮೇಲೆ ಗಂಡನ ಹೆಸರು. ಹುಟ್ಟಿದ ದಿನ ಟಿಸಿಯಲ್ಲಿ ಒಂದು, ಆಧಾರ್‌ನಲ್ಲಿ ಜನವರಿ 1. ಇದನ್ನು ಕೆಲಸದಲ್ಲಿ ಇರುವಾಗಲೇ ಸರಿ ಮಾಡಿಸಿಕೊಳ್ಳಿ. ಕಾರ್ಖಾನೆ ಮುಚ್ಚಿದ ಮೇಲೆ ಮಾಲೀಕರ ಒಪ್ಪಿಗೆ ಎಲ್ಲಿಂದ ತರುತ್ತೀರಿ? 2017ರ ಅಕ್ಟೋಬರ್ 1ರ ನಂತರ ಬಂದ ಯುಎಎನ್ ಆಗಿದ್ದು, ಆಧಾರ್ ದೃಢೀಕರಣ ಆಗಿದ್ದರೆ ಹೆಸರು, ಹುಟ್ಟಿದ ದಿನ ಇಂಥವನ್ನು ಮಾಲೀಕರ ಒಪ್ಪಿಗೆ ಇಲ್ಲದೆ ನೀವೇ ಆನ್‌ಲೈನ್‌ನಲ್ಲಿ ತಿದ್ದಬಹುದು. 2025ರ ಜನವರಿಯಿಂದ ಹಾಗೆ ಮಾಡಿದ್ದಾರೆ.

ಸೈಬರ್ ಸೆಂಟರ್ ಬಗ್ಗೆ ಒಂದು ಮಾತು. ಅಲ್ಲಿನ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವನ ಮೊಬೈಲ್ ನಂಬರ್, ಅವನ ಇಮೇಲ್ ಹಾಕಿ ಅರ್ಜಿ ಮಾಡಿದರೆ ನಾಳೆ ಓಟಿಪಿ ಅವನಿಗೆ ಹೋಗುತ್ತದೆ. ಪಾಸ್‌ವರ್ಡ್ ಅವನ ಗೋಡೆ ಮೇಲಿರುತ್ತದೆ, ಅಂಗಡಿ ಖಾಲಿ ಮಾಡಿದರೆ ನಿಮ್ಮ ಪಿಎಫ್‌ಗೆ ನೀವೇ ಹೊರಗಿನವರು. ನಿಮ್ಮ ನಂಬರ್ ಹಾಕಿಸಿ. ಮೊಬೈಲ್ ಸಿಮ್ ಬದಲಾಯಿಸುವ ಮುಂಚೆ ಆಧಾರ್, ಬ್ಯಾಂಕು, ಪಿಎಫ್ ಎಲ್ಲ ಕಡೆ ಹೊಸ ನಂಬರ್ ಕೊಡಿ. ಅರ್ಜಿ ಹಾಕಿದ ಮೇಲೆ ಬರುವ ಸ್ವೀಕೃತಿಯ ಪಿಡಿಎಫ್ ನಿಮ್ಮ ವಾಟ್ಸಾಪ್‌ಗೆ ಕಳಿಸಿಕೊಂಡೇ ಎದ್ದು ಬನ್ನಿ.

ಒಬ್ಬರು ಅಕ್ಕ ಕೇಳಿದರು, "ಇಷ್ಟೆಲ್ಲಾ ಎಲ್ಲಿ ಇಟ್ಕೊಳ್ಳೋದು ಅಣ್ಣಾ? ಮನೇಲಿ ಇಲಿ ಕಾಟ ಬೇರೆ." ಬಟನ್ ಇರುವ ಪ್ಲಾಸ್ಟಿಕ್ ಕವರ್ ಒಂದು ಸಾಕು, ಸೀರೆ ಮಡಿಕೆ ಮಧ್ಯೆ ಇಡುವುದಾದರೂ ಇಡಿ. ನೇಮಕಾತಿ ಪತ್ರ, ಪೇಸ್ಲಿಪ್, ಇಎಸ್‌ಐ ಕಾರ್ಡು, ಐಡಿ ಕಾರ್ಡಿನ ಝೆರಾಕ್ಸ್, ಸಂಬಳ ಬರುವ ಬ್ಯಾಂಕ್ ಪಾಸ್‌ಬುಕ್ ಅದರಲ್ಲಿರಲಿ. ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಿರಿ, ಸಂಬಳ ಕೊಟ್ಟವರ ಹೆಸರು ಅಲ್ಲಿ ಅಚ್ಚಾಗಿರುತ್ತದೆ. ಸೂಪರ್‌ವೈಸರ್ 'ನಾಳೆಯಿಂದ ಬರಬೇಡಿ' ಅಂತ ವಾಟ್ಸಾಪ್‌ನಲ್ಲಿ ಹಾಕಿದರೆ ದಿನಾಂಕ, ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅವರು ಡಿಲೀಟ್ ಮಾಡುವ ಮುಂಚೆ!

ಜೊತೆಗೆ ಒಂದು ನೋಟ್ ಬುಕ್. ಆಫೀಸಿಗೆ ಹೋಗಿ ಬಂದ ದಿನವೇ ನಾಲ್ಕು ಸಾಲು ಬರೆಯಿರಿ. ಹೀಗೆ: 'ಸೋಮವಾರ, 12ನೇ ತಾರೀಕು. ಇಎಸ್‌ಐ ಶಾಖಾ ಕಚೇರಿ, 2ನೇ ಕೌಂಟರ್, ಮೇಡಂ. ಅರ್ಜಿ ಕೊಟ್ಟೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಇಲ್ಲ, ಸರಿ ಮಾಡಿಸಿ ಬನ್ನಿ ಅಂದರು. ಅರ್ಜಿ ವಾಪಸ್ ಕೊಟ್ಟರು, ಸೀಲ್ ಹಾಕಲಿಲ್ಲ.' ಈ ಕೊನೆಯ ಮಾತು ಮುಖ್ಯ. ಅರ್ಜಿ ವಾಪಸ್ ಕೊಡುವುದಾದರೆ ಯಾಕೆ ಅಂತ ಅದರ ಮೇಲೇ ಬರೆದು ಕೊಡಿ ಅಂತ ಮೆಲ್ಲಗೆ ಕೇಳಿ. ಎಷ್ಟೋ ಸಲ ಬರೆದು ಕೊಡಿ ಅಂದ ಕೂಡಲೇ ಅರ್ಜಿ ತೆಗೆದುಕೊಂಡುಬಿಡುತ್ತಾರೆ.

ದಿನಾಂಕದ ಬೆಲೆ ಎಷ್ಟು ಅಂತ ಗೊತ್ತಾಗಬೇಕಾದರೆ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾನೂನು ನೋಡಿ. ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದರು. ಆದರೆ 15 ದಿನ ಎಣಿಸುವುದು ಎಲ್ಲಿಂದ? ಅರ್ಜಿ ಕೊಟ್ಟ ದಿನದಿಂದ. ಪಂಚಾಯ್ತಿಯಲ್ಲಿ ಬಾಯಲ್ಲೇ ಕೇಳಿ ಬಂದರೆ, ದಿನಾಂಕ ಹಾಕಿದ ರಸೀದಿ ಇಲ್ಲದಿದ್ದರೆ, ಎಣಿಕೆಯೇ ಶುರುವಾಗುವುದಿಲ್ಲ. ಹಕ್ಕು ಇದ್ದೂ ಇಲ್ಲದ ಹಾಗೆ.

ಯುವನಿಧಿ ಬಗ್ಗೆ ಚೀಟಿ ಬಂದಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ರಾಜ್ಯ ಸರ್ಕಾರದ ಯೋಜನೆ. ಪದವಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 24 ತಿಂಗಳು. ಪಾಸಾಗಿ 180 ದಿನ ಆದರೂ ಕೆಲಸ ಸಿಕ್ಕಿರಬಾರದು, ಮುಂದೆ ಓದುತ್ತಿರಲೂಬಾರದು. ಸೇವಾಸಿಂಧುವಿನಲ್ಲಿ ಅರ್ಜಿ, ಗ್ರಾಮ ಒನ್‌ನಲ್ಲೂ ಹಾಕಿಸಬಹುದು. ಅರ್ಜಿ ಹಾಕಿ ಮರೆಯಬೇಡಿ, ಕೆಲಸ ಸಿಕ್ಕಿಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡದಿದ್ದರೆ ದುಡ್ಡು ನಿಲ್ಲುತ್ತದೆ. ಕೆಲಸ ಸಿಕ್ಕ ಮೇಲೆ ಹೇಳದೆ ತೆಗೆದುಕೊಳ್ಳಲೂಬೇಡಿ. ಇ-ಶ್ರಮ್ ಕಾರ್ಡ್ ಇದ್ದರೆ ತಿಂಗಳು ತಿಂಗಳು ಹಣ ಬರುತ್ತೆ ಅನ್ನುವ ವಾಟ್ಸಾಪ್ ಸುದ್ದಿ ನಂಬಬೇಡಿ, ಅದು ಅಸಂಘಟಿತ ಕೆಲಸಗಾರರ ನೋಂದಣಿ, ಕೆಲಸ ಹೋದವರ ಭತ್ಯೆ ಅಲ್ಲ.

ವಕೀಲರಿಗೆ ದುಡ್ಡೆಲ್ಲಿ ಅಂತ ಕೆಲವರ ಚಿಂತೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ಸಹಾಯಕ್ಕೆ ಅರ್ಹರು ಯಾರು ಅನ್ನುವ ಪಟ್ಟಿ ಇದೆ. ಮಹಿಳೆಯರು, ಎಸ್‌ಸಿ ಎಸ್‌ಟಿಯವರು ಇದ್ದಾರೆ, ಕಾರ್ಖಾನೆ ಕೆಲಸಗಾರರು ಅಂತಲೂ ಬೇರೆಯಾಗಿಯೇ ಬರೆದಿದೆ. ಮಂಡ್ಯದಲ್ಲಿ, ಮೈಸೂರಿನಲ್ಲಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕೇಳಿ. ಫೋನ್ 15100.

ಕೊನೆಗೆ ಮೈಸೂರಿನಿಂದ ಬಂದಿದ್ದ ಯುವಕನೊಬ್ಬ ನಿಂತ. "ಸಾರ್, ನಮ್ಮ ತಾತ ಜಾವಾ ಫ್ಯಾಕ್ಟರೀಲಿ ಇದ್ರು. ಈಗಿಲ್ಲ. ಪಿಎಫ್ ಪೂರ್ತಿ ಬಂತೋ ಇಲ್ವೋ ಗೊತ್ತಿಲ್ಲ." ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಬೈಕ್ ಕಾರ್ಖಾನೆ, ಮೈಸೂರಲ್ಲಿ ಅದರ ಹೆಸರು ಹೇಳದ ಬಡಾವಣೆ ಇಲ್ಲ. ಅಂಥವರಿಗೆ ಹೇಳುವುದು ಇಷ್ಟೇ. ಮುಚ್ಚಿದ ಕಾರ್ಖಾನೆ ಅಂತ ಖಾತೆಯ ದುಡ್ಡು ಕರಗುವುದಿಲ್ಲ. ತೀರಿಕೊಂಡವರ ಪಿಎಫ್ ಕೇಳಲು ಫಾರಂ 20 ಅಂತ ಇದೆ, ನಾಮಿನಿ ಅಥವಾ ವಾರಸುದಾರರು ಕೊಡಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಬ್ಯಾಂಕ್ ವಿವರ ಬೇಕು. ಎಲ್ಲಕ್ಕಿಂತ ಮೊದಲು ಹಳೆಯ ಪಿಎಫ್ ನಂಬರ್ ಬೇಕು. ಟ್ರಂಕಿನಲ್ಲಿ ಹಳೆಯ ಸಂಬಳ ಚೀಟಿ, ವರ್ಷದ ಪಿಎಫ್ ಸ್ಲಿಪ್ಪು ಹುಡುಕು. ಸಿಗದಿದ್ದರೆ ತಾತನ ಜೊತೆ ಕೆಲಸ ಮಾಡಿದವರ ಸ್ಲಿಪ್ಪಾದರೂ ಹುಡುಕು, ಕಾರ್ಖಾನೆಯ ಕೋಡ್ ಅದರಲ್ಲಿ ಸಿಗುತ್ತದೆ. ಪ್ರತಿ ತಿಂಗಳ 27ಕ್ಕೆ ಪಿಎಫ್‌ನವರು ಜಿಲ್ಲೆ ಜಿಲ್ಲೆಯಲ್ಲೂ 'ನಿಧಿ ಆಪ್ಕೆ ನಿಕಟ್' ಅಂತ ಶಿಬಿರ ಮಾಡುತ್ತಾರೆ, ರಜೆ ಇದ್ದರೆ ಮುಂದಿನ ಕೆಲಸದ ದಿನ. ಸಿಕ್ಕಿದ್ದನ್ನೆಲ್ಲ ಕವರಿಗೆ ಹಾಕಿಕೊಂಡು ಅಲ್ಲಿಗೆ ಹೋಗು, ಮೂಲ ಪ್ರತಿ ಯಾರ ಕೈಗೂ ಕೊಡಬೇಡ, ಝೆರಾಕ್ಸ್ ಮಾತ್ರ ಕೊಡು.